ಗೂಬೆ ಮೇಲೆ ಗೂಬೆ ಕೂರಿಸಬೇಡಿ!

ತುಮಕೂರು: ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಪಟಾಕಿ ಅಂಗಡಿಯವರಿಗೆ ಒಂದು ವ್ಯಾಪಾರ, ಬಟ್ಟೆ ಅಂಗಡಿಯವರಿಗೆ ಇನ್ನೊಂದು ವ್ಯಾಪಾರ. ಇವರ ಜೊತೆಗೆ ಬೋರ್ಡಿಲ್ಲದ, ಬಿಲ್ಲಿಲ್ಲದ ಮತ್ತೊಂದು ವ್ಯಾಪಾರವೂ ಕದ್ದುಮುಚ್ಚಿ ನಡೆಯುತ್ತದೆ. ಅದು ಗೂಬೆ ವ್ಯಾಪಾರ! ನಗಬೇಡಿ ಸ್ವಾಮಿ. "ಕೊಂಬಿರೋ ಗೂಬೆ ಐತೇನಣ್ಣ? ಲಕ್ಷಕ್ಕೆ ಕಮ್ಮಿ ಇಲ್ಲ" ಎಂದು ಟೀ ಅಂಗಡಿಗಳಲ್ಲಿ ಪಿಸುಗುಟ್ಟುವ ಜನ ನಮ್ಮ ನಡುವೆಯೇ ಇದ್ದಾರೆ. ಮೊನ್ನೆ ಮೊನ್ನೆಯವರೆಗೆ 'ಎರಡು ತಲೆ ಹಾವು' ಕೇಳುತ್ತಿದ್ದ ಬಾಯಿಗಳೇ ಈಗ ಗೂಬೆ ಕೇಳುತ್ತಿವೆ.

ಪಾಪ, ಆ ಹಕ್ಕಿಯ ಹಣೆಬರಹವೇ ಅಷ್ಟು. ದಡ್ಡನನ್ನು ಕಂಡರೆ 'ಗೂಬೆ' ಅನ್ನುತ್ತೇವೆ. ತಪ್ಪು ಮಾಡಿದವನೊಬ್ಬ, ಇನ್ನೊಬ್ಬನ ತಲೆ ಮೇಲೆ 'ಗೂಬೆ ಕೂರಿಸುತ್ತೇವೆ'. ಮನೆ ಮಾಡಿನ ಮೇಲೆ ಅದು ಕೂತರೆ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸುತ್ತೇವೆ. ಮನೆಗೆ ಬೀಗ ಹಾಕಿಕೊಂಡು ತಿಂಗಳುಗಟ್ಟಲೆ ಬೇರೆ ಕಡೆ ಇದ್ದು ಬಂದವರೂ ಉಂಟು. ನಮ್ಮ ಜಿಲ್ಲೆಯಲ್ಲಿ ಗುಬ್ಬಿಯ ಹೆಸರಲ್ಲಿ ಒಂದು ತಾಲೂಕೇ ಇದೆ, ಗೂಬೆಗೆ ಒಂದು ಒಳ್ಳೆ ಮಾತಿಗೂ ಗತಿಯಿಲ್ಲ.

ಇಷ್ಟೆಲ್ಲ ದೂರುವ ನಮ್ಮಲ್ಲಿ ಎಷ್ಟು ಜನ ಗೂಬೆಯನ್ನು ಸರಿಯಾಗಿ ನೋಡಿದ್ದೇವೆ? ರಾತ್ರಿ ಹುಣಸೆಮರದಲ್ಲಿ ಕೂಗಿದ್ದು ಯಾವುದು, ಬಂಡೆ ಮೇಲೆ ಕೂಗಿದ್ದು ಯಾವುದು ಎಂದು ಬಿಡಿಸಿ ಹೇಳಬಲ್ಲವರು ಊರಿಗೆಷ್ಟು ಮಂದಿ ಸಿಕ್ಕಾರು? ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಗೂಬೆಗಳಿವೆ. ನಮಗೆ ಮಾತ್ರ ಎಲ್ಲವೂ ಒಂದೇ: 'ಗೂಬೆ'. ಹೆಸರು ಗೊತ್ತಿಲ್ಲದ ಕಡೆ ಹೆದರಿಕೆ ಹುಟ್ಟುತ್ತದೆ, ಹೆದರಿಕೆ ಇದ್ದ ಕಡೆ ಮಾಟಗಾರ ಹುಟ್ಟುತ್ತಾನೆ, ಮಾಟಗಾರನ ಹಿಂದೆ ದಲ್ಲಾಳಿ ಬರುತ್ತಾನೆ. ಆದ್ದರಿಂದ ಈ ವಾರ ನಮ್ಮ ಓದುಗರಿಗೆ ಜಿಲ್ಲೆಯ ರಾತ್ರಿ ಪಾಳಿಯವರ ಪರಿಚಯ ಮಾಡಿಕೊಡೋಣ ಎಂದು ಹೊರಟಿದ್ದೇವೆ.

ಎಲೆಕ್ಷನ್ನಿಗೂ ಬೇಕಂತೆ!

ಮೊದಲು ವ್ಯಾಪಾರದ ವಿಷಯ ಮುಗಿಸಿಬಿಡೋಣ. ಇದು ಅಂತೆಕಂತೆಯ ಮಾತಲ್ಲ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಗೂಬೆಗಳ ಬಗ್ಗೆಯೇ ಒಂದು ವರದಿ ಹೊರಡಿಸಿತು. ಆಗ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದ 30 ಜಾತಿಗಳಲ್ಲಿ 15 ಜಾತಿಯ ಗೂಬೆಗಳು ಕಳ್ಳ ಮಾರಾಟದಲ್ಲಿ ಕಂಡುಬಂದಿದ್ದವು. ಮಾಟಮಂತ್ರಕ್ಕೆ, ಬಲಿಗೆ, ಔಷಧಿಗೆ ಎಂದು ನಾನಾ ನೆಪ. ದೀಪಾವಳಿ ಹೊತ್ತಿಗೆ ಬೇಡಿಕೆ ಏರುತ್ತದೆ ಎಂಬುದೂ ಅದೇ ವರದಿಯಲ್ಲಿದೆ. ತಲೆ ಮೇಲೆ ಕೊಂಬಿನಂತೆ ಗರಿ ಎದ್ದಿರುವ ಗೂಬೆಗೆ ಶಕ್ತಿ ಜಾಸ್ತಿಯಂತೆ, ಅದಕ್ಕೇ ರೇಟೂ ಜಾಸ್ತಿಯಂತೆ.

ನಮ್ಮ ರಾಜ್ಯವೇನೂ ಇದಕ್ಕೆ ಹೊರತಲ್ಲ. 2018ರ ಡಿಸೆಂಬರಿನ ತೆಲಂಗಾಣ ವಿಧಾನಸಭೆ ಚುನಾವಣೆಯ ಮುಂಚೆ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಕೊಂಬಿನ ಗೂಬೆ ಸಾಗಿಸುತ್ತಿದ್ದವರು ಸಿಕ್ಕಿಬಿದ್ದರು. ಗಡಿಯಾಚೆಯ ಚುನಾವಣೆಯಲ್ಲಿ ಎದುರಾಳಿಗೆ ಕೇಡಾಗಲಿ ಎಂದು ತರಿಸಿಕೊಳ್ಳುತ್ತಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ವೋಟು ಹಾಕುವವರು ಮನುಷ್ಯರು, ಸೋಲಿಸಬೇಕಾದ್ದು ಗೂಬೆ! ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಕೊಂಬು ಅಂದೆವಲ್ಲ, ಅದರ ಗುಟ್ಟೂ ಕೇಳಿ. ಅದು ಕೊಂಬೂ ಅಲ್ಲ, ಕಿವಿಯೂ ಅಲ್ಲ. ಬರೀ ಗರಿಯ ಜುಟ್ಟು. ನಿಜವಾದ ಕಿವಿ ಮುಖದ ಪಕ್ಕದಲ್ಲಿ ಗರಿಯೊಳಗೆ ಮುಚ್ಚಿಕೊಂಡಿರುತ್ತದೆ. ಲಕ್ಷ ಕೊಟ್ಟವನಿಗೆ ಸಿಕ್ಕುವುದು ಎರಡು ಹಿಡಿ ಗರಿ, ಜೊತೆಗೆ ಒಂದು ಕೋರ್ಟ್ ಕೇಸು.

ಕಣ್ಣಿಗಿಂತ ಕಿವಿ ಮೊದಲು

ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಗೂಬೆಯ ಪಾಠ ಹೇಳಿದ್ದು ಯಾವ ಲೆಕ್ಚರರೂ ಅಲ್ಲ. ದೇವರಾಯನದುರ್ಗದ ಕಡೆಯ ಕಾಡಿನಲ್ಲಿ ವರ್ಷಗಟ್ಟಲೆ ಬೀಟು ತಿರುಗಿದ ಒಬ್ಬ ಫಾರೆಸ್ಟ್ ವಾಚರ್. ಅವರ ಮೊದಲ ಪಾಠ ಇಷ್ಟೇ: "ಬ್ಯಾಟ್ರಿ ಆರ್ಸಣ್ಣ. ಗೂಬೆ ನೋಡಕ್ಕೆ ಬಂದೋರು ಮೊದ್ಲು ಕಿವೀಲಿ ನೋಡ್ಬೇಕು."

ಮಾತು ಅಕ್ಷರಶಃ ನಿಜ. ಕತ್ತಲಲ್ಲಿ ಗೂಬೆಯ ಬಣ್ಣ ಕಾಣದು, ಹಾರಿದರೆ ಸದ್ದೂ ಬಾರದು. ಅದರ ರೆಕ್ಕೆಯ ಮುಂದಿನ ಗರಿಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸಣ್ಣ ಕುಚ್ಚುಗಳಿವೆ, ಗಾಳಿ ಸೀಳುವ ಸದ್ದನ್ನು ಅವು ಅಡಗಿಸುತ್ತವೆ. ಹಾಗಾಗಿ ಗುರುತಿಗೆ ಸಿಕ್ಕುವುದು ಕೂಗು ಒಂದೇ. ಸೂರ್ಯ ಮುಳುಗಿದ ಮೇಲಿನ ಮುಕ್ಕಾಲು ಗಂಟೆ, ಬೆಳಗಾಗುವ ಮುಂಚಿನ ಒಂದು ಗಂಟೆ, ಇವೆರಡು ಒಳ್ಳೆಯ ಹೊತ್ತು. ಒಂದು ಕಡೆ ಕೂತು ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಜನಕ್ಕೆ ಕಷ್ಟವಾಗುವುದು ಇದೊಂದೇ!

ಈಗ ಒಬ್ಬೊಬ್ಬರನ್ನೇ ನೋಡೋಣ.

ಬೀದಿ ಜಗಳದ ಹಾಲಕ್ಕಿ: ಇದು ಊರ ಹಕ್ಕಿ. ಗೊರವಂಕದಷ್ಟು ಗಾತ್ರ, ಅಂದರೆ ಸುಮಾರು 21 ಸೆಂಟಿಮೀಟರ್. ಬೂದುಗಂದು ಮೈಮೇಲೆ ರಂಗೋಲಿ ಚುಕ್ಕೆ ಇಟ್ಟಂತೆ ಬಿಳಿ ಚುಕ್ಕೆಗಳು, ಹಳದಿ ಕಣ್ಣು, ಬಿಳಿ ಹುಬ್ಬು. ಬೀದಿ ದೀಪದ ಕಂಬ, ಕರೆಂಟು ತಂತಿ, ಶಾಲೆ ಹಿಂದಿನ ಪೊಟರೆ ಬಿದ್ದ ಮರ, ಇವೇ ಇದರ ಅಡ್ಡಾ. ಯಾರಾದರೂ ನೋಡಿದರೆ ಸಿಟ್ಟಾದ ಮುದುಕನ ಹಾಗೆ ತಲೆಯನ್ನು ಮೇಲೆ ಕೆಳಗೆ ಕುಣಿಸಿ ದುರುಗುಟ್ಟುತ್ತದೆ. ಕೂಗು 'ಚಿರ್ರ್ ಚಿರ್ರ್, ಚಿವಕ್ ಚಿವಕ್'. ಒಂದು ಶುರು ಮಾಡಿದರೆ ಇನ್ನೊಂದು ಸೇರಿಕೊಂಡು, ನಲ್ಲಿ ಮುಂದೆ ಕೊಡಪಾನದ ಜಗಳ ನಡೆದಂತೆ ಕೇಳುತ್ತದೆ. ದೀಪಕ್ಕೆ ಬಂದ ಜೀರುಂಡೆ, ಹುಳುಹುಪ್ಪಟೆ, ಸಣ್ಣ ಇಲಿ ಇದರ ಊಟ.

ಬಿಳಿ ಸೀರೆಯ 'ಮೋಹಿನಿ', ಕಣಜ ಗೂಬೆ: ಹಳೆ ದೇವಸ್ಥಾನದ ಗೋಪುರ, ಪಾಳು ಬಿದ್ದ ಗೋಡೌನು, ನೀರಿನ ಟ್ಯಾಂಕಿನ ಸಂದು ಇದರ ಮನೆ. ಅಡಿಗಿಂತ ತುಸು ಎತ್ತರ. ಮುಖ ಮಾತ್ರ ಬೆಳ್ಳಗೆ, ಹೃದಯದ ಆಕಾರ, ಸೇಬು ಕೊಯ್ದಿಟ್ಟಂತೆ. ಕಣ್ಣು ಕಪ್ಪು. ಇದು 'ಗೂ' ಅಂತ ಕೂಗುವುದೇ ಇಲ್ಲ. ಬಟ್ಟೆ ಹರಿದಂತೆ 'ಸ್‌ಕ್ರೀಚ್' ಎಂದು ಚೀರುತ್ತದೆ, ಹಾವಿನಂತೆ ಬುಸುಗುಡುತ್ತದೆ. ರಾತ್ರಿ ಹನ್ನೊಂದಕ್ಕೆ ಸೆಕೆಂಡ್ ಶೋ ಬಿಟ್ಟು ಬರುವವನ ತಲೆ ಮೇಲೆ ಬೆಳ್ಳನೆ ಆಕಾರವೊಂದು ಸದ್ದಿಲ್ಲದೆ ತೇಲಿ, ಚೀರಿ, ಮಾಯವಾದರೆ ಅವನು ಮನೆಗೆ ಹೋಗಿ ಜ್ವರ ಬಂದು ಮಲಗದೆ ಇನ್ನೇನು ಮಾಡಿಯಾನು? ನಮ್ಮ ಎಷ್ಟೋ ಮೋಹಿನಿ ಕತೆಗಳ ನಾಯಕಿ ಈಯಮ್ಮನೇ ಇರಬೇಕು.

ಇದರ ಮರಿಗಳದ್ದು ಇನ್ನೂ ತಮಾಷೆ. ಬಿಳಿ ತುಪ್ಪಳ, ಉದ್ದ ಮುಖ, ನೆಟ್ಟಗೆ ನಿಂತ ನಿಲುವು. 2017ರಲ್ಲಿ ವಿಶಾಖಪಟ್ಟಣದ ಒಂದು ಕಟ್ಟಡದಲ್ಲಿ ಇಂಥ ಮರಿಗಳು ಕಂಡು 'ಅನ್ಯಗ್ರಹ ಜೀವಿಗಳು' ಎಂದು ವಿಡಿಯೋ ಊರೂರು ಸುತ್ತಿತು. 'ವಿಚಿತ್ರ ಪಕ್ಷಿ ಪತ್ತೆ, ಜನರಲ್ಲಿ ಆತಂಕ' ಎಂಬ ತಲೆಬರಹದ ಕೆಳಗೆ ಫೋಟೋ ನೋಡಿದರೆ ಬಹಳ ಸಲ ಅಲ್ಲಿರುವುದು ಈ ಬಡಪಾಯಿಯೇ.

ಬಂಡೆಯ ಯಜಮಾನ, ಕೊಂಬಿನ ಗೂಬೆ: ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಹಕ್ಕಿ. ಮಧುಗಿರಿ, ಪಾವಗಡ, ಶಿರಾ ಕಡೆಯ ಬಂಡೆಗುಡ್ಡ, ಕುರುಚಲು ಕಾಡು, ಹಳ್ಳದ ದಂಡೆ ಇದಕ್ಕೆ ಇಷ್ಟ. ಎರಡಡಿ ಹತ್ತಿರದ ಎತ್ತರ, ಕಿತ್ತಳೆ ಬಣ್ಣದ ಕಣ್ಣು, ನೆಟ್ಟಗೆ ನಿಂತ ಎರಡು ಗರಿಜುಟ್ಟು, ಬೆರಳಿನವರೆಗೂ ಗರಿ ತುಂಬಿದ ಕಾಲು. ಕೂಗು 'ಬು-ಬೋ'. ಎರಡನೆಯ ಸ್ವರ ಉದ್ದ. ಖಾಲಿ ಗುಡಾಣದೊಳಗೆ ಬಾಯಿಟ್ಟು ಕೂಗಿದಂತೆ ಆಳವಾಗಿ, ಗಂಭೀರವಾಗಿ. ಚಳಿಗಾಲ ಇದರ ಸಂಸಾರದ ಕಾಲ, ಆಗ ಸಂಜೆ ಹೊತ್ತು ಬಂಡೆಯ ನೆತ್ತಿ ಮೇಲೆ ಕೂತು ಕೂಗುವುದು ಜಾಸ್ತಿ. ಗೂಡು ಕಟ್ಟುವ ಉಸಾಬರಿ ಇಲ್ಲ. ಬಂಡೆಯ ಸಂದಿನಲ್ಲೋ ಪೊದೆಯ ಬುಡದಲ್ಲೋ ಬರೀ ನೆಲದ ಮೇಲೆ ಮೊಟ್ಟೆ. ಹಿಡಿಯುವವನಿಗೆ ಇದಕ್ಕಿಂತ ಸುಲಭದ ತುತ್ತಿಲ್ಲ.

ಕೆರೆ ಏರಿಯ ಮೀನು ಗೂಬೆ: ಕೊಂಬಿನ ಗೂಬೆಯಷ್ಟೇ ದೊಡ್ಡದು, ಇದಕ್ಕೂ ಜುಟ್ಟುಂಟು. ಜನ ಎರಡನ್ನೂ ಒಂದೇ ಎಂದುಕೊಳ್ಳುವುದು ಇಲ್ಲೇ. ಆದರೆ ಇದರ ಜುಟ್ಟು ನೆಟ್ಟಗಿಲ್ಲ, ಮಳೆಯಲ್ಲಿ ನೆಂದ ಪೇಟದಂತೆ ಪಕ್ಕಕ್ಕೆ ಜೋತಿರುತ್ತದೆ. ಕಣ್ಣು ಹೊನ್ನ ಹಳದಿ. ಕಾಲಿಗೆ ಗರಿಯಿಲ್ಲ, ಪಂಚೆ ಎತ್ತಿ ಕಟ್ಟಿದವನಂತೆ ಬರಿಗಾಲು. ದಿನಾ ನೀರಿಗಿಳಿದು ಮೀನು, ಏಡಿ, ಕಪ್ಪೆ ಹಿಡಿಯುವವನಿಗೆ ಕಾಲಿಗೆ ಉಣ್ಣೆ ಯಾಕೆ? ಹಳೆ ಮರಗಳಿರುವ ಕೆರೆ, ಹೊಳೆ ದಂಡೆಯಲ್ಲಿ ಹುಡುಕಿ.

ತೋಪಿನ ಕಾಡು ಗೂಬೆ: ಮಾವಿನ ತೋಪು, ಹುಣಸೆ ತೋಪು, ಆಲದ ಮರಗಳ ಸಾಲು. ಜುಟ್ಟಿಲ್ಲದ ದುಂಡು ತಲೆ, ಕಪ್ಪು ಕಣ್ಣು, ಮೈತುಂಬ ಮಚ್ಚೆ. ಇದರ ಕೂಗು ಕೇಳಿ ಎದೆ ಝಲ್ಲೆನ್ನದವನು ಗಂಡಸೇ ಸರಿ. 'ಚುಹುವ್ವಾಆಆ' ಎಂದು ನಡುಗುತ್ತ ಎಳೆಯುತ್ತದೆ, ಯಾರೋ ನಗುತ್ತ ನಗುತ್ತ ಅಳುವುದಕ್ಕೆ ಶುರು ಮಾಡಿದಂತೆ. 'ಆ ತೋಪಿನಲ್ಲಿ ದೆವ್ವ ಇದೆ' ಎಂಬ ಊರಿಗೆ ಹೋದರೆ ಮೊದಲು ಈ ಹಕ್ಕಿಯನ್ನು ವಿಚಾರಿಸಿ.

ಪ್ರಶ್ನೆ ಕೇಳುವ ಚಿಟ್ಟು ಗೂಬೆ, ಕಾಡು ಹಾಲಕ್ಕಿ: ಒಂದು ಗೇಣು ಚಿಲ್ಲರೆ ಉದ್ದದ, ಪುಟ್ಟ ಜುಟ್ಟಿನ ಚಿಟ್ಟು ಗೂಬೆ ಮರದ ತೊಗಟೆಗೆ ಅಂಟಿ ಕೂತರೆ ಒಣ ಕೊಂಬೆಯ ತುಂಡೇ. ಕೂಗು ಕಪ್ಪೆ ಕೇಳಿದಂತೆ 'ವಟ್?' ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ವಟ್?' ಉತ್ತರ ಸಿಕ್ಕದ ಅರ್ಜಿದಾರನ ಹಾಗೆ. ಕಾಡು ಹಾಲಕ್ಕಿಯೋ ನಮ್ಮ ಹಾಲಕ್ಕಿಯ ಅಣ್ಣತಮ್ಮ. ಚುಕ್ಕೆಯ ಬದಲು ಮೈತುಂಬ ಅಡ್ಡಪಟ್ಟೆ, ಊರಿನ ಬದಲು ಕಾಡು. ಕೂಗು ನಿಧಾನಕ್ಕೆ ಶುರುವಾಗಿ ವೇಗ ಹೆಚ್ಚಿಸಿಕೊಂಡು ಕೊನೆಗೆ ಇಳಿಯುತ್ತದೆ, ಹಳೇ ಮೋಟಾರ್ ಸೈಕಲ್ ಕಿಕ್ ಹೊಡೆದಂತೆ.

ಗೂಬೆಯೇ ಅಲ್ಲದ ಒಬ್ಬನನ್ನೂ ಹೇಳಬೇಕು. ರಾತ್ರಿ ರಸ್ತೆ ಮೇಲೆ ಗಾಡಿಯ ಲೈಟಿಗೆ ಕೆಂಡದಂತೆ ಹೊಳೆಯುವ ಕಣ್ಣು ಕಂಡು, ಹತ್ತಿರ ಹೋದೊಡನೆ ಪುರ್ರೆಂದು ಏಳುವ ಹಕ್ಕಿ ನತ್ತಿಂಗ. ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಗೂಬೆಯಾದರೆ ನೆಟ್ಟಗೆ ಕೂರುತ್ತದೆ. ಅಷ್ಟು ನೆನಪಿಟ್ಟರೆ ಸಾಕು.

ಗುರುತು ತಪ್ಪಿದರೆ 113 ವರ್ಷ!

'ಯಾವ ಗೂಬೆ ಆದರೇನು ಬಿಡ್ರಿ' ಅನ್ನುವವರಿಗೆ ಒಂದು ಪತ್ತೇದಾರಿ ಕತೆ. ನಮ್ಮ ಹಾಲಕ್ಕಿಯನ್ನೇ ಹೋಲುವ ಇನ್ನೊಂದು ಹಕ್ಕಿ ಮಧ್ಯ ಭಾರತದ ಕಾಡಿನಲ್ಲಿದೆ. ವ್ಯತ್ಯಾಸ ಸಣ್ಣದು: ಹಾಲಕ್ಕಿಗೆ ನೆತ್ತಿ ತುಂಬ ಚುಕ್ಕೆ, ಇದಕ್ಕೆ ಚುಕ್ಕೆ ಇಲ್ಲವೆನ್ನುವಷ್ಟು ಕಮ್ಮಿ. 1873ರಲ್ಲಿ ಹ್ಯೂಮ್ ಎಂಬ ಇಂಗ್ಲಿಷ್ ಅಧಿಕಾರಿ (ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಅದೇ ಹ್ಯೂಮ್) ಇದನ್ನು ಮೊದಲು ವಿವರಿಸಿದ. 1884ರ ಮೇಲೆ ಹಕ್ಕಿ ಕಾಣೆ. ನೋಡಿದೆವು, ಫೋಟೋ ತೆಗೆದೆವು ಎಂದವರಿದ್ದರು. ಬಿಚ್ಚಿ ನೋಡಿದರೆ ಎಲ್ಲ ಹಾಲಕ್ಕಿಯೇ!

1914ರಲ್ಲಿ ತಾನು ಹೊಡೆದದ್ದು ಎಂದು ಮೈನರ್ಟ್ಜ್‌ಹೇಗನ್ ಎಂಬ ಮಿಲಿಟರಿ ಸಾಹೇಬ ಒಂದು ಚರ್ಮ ತೋರಿಸಿದ್ದ. ಅದು ಮ್ಯೂಸಿಯಮ್ಮಿನಿಂದ ಕದ್ದು, ಚೀಟಿ ಬದಲಿಸಿದ ಮಾಲು ಎಂದು ಅಮೆರಿಕದ ಪಮೇಲಾ ರಾಸ್ಮುಸ್ಸನ್ ಎಂಬ ಪಕ್ಷಿತಜ್ಞೆ ಬಯಲು ಮಾಡಿದರು. ಕಳ್ಳನ ಚೀಟಿ ತೋರಿಸಿದ ಜಾಗ ಬಿಟ್ಟು, ಹಳೆಯ ಪ್ರಾಮಾಣಿಕ ಚೀಟಿಗಳ ಜಾಡು ಹಿಡಿದು ಸಂಗಡಿಗರೊಂದಿಗೆ ಹುಡುಕಿದರು. 1997ರ ನವೆಂಬರ್ 25ರ ಬೆಳಿಗ್ಗೆ ಮಹಾರಾಷ್ಟ್ರದ ಶಹಾದಾ ಬಳಿ ಹಕ್ಕಿ ಸಿಕ್ಕಿತು, ಅದೂ ಹಾಡಹಗಲೇ ಮರದ ಮೇಲೆ ಕೂತಿತ್ತು. ನೂರಾ ಹದಿಮೂರು ವರ್ಷ ಸತ್ತಿದೆ ಅಂದುಕೊಂಡಿದ್ದ ಜೀವ ಬದುಕೇ ಇತ್ತು. ನೆತ್ತಿಯ ಚುಕ್ಕೆ ಎಣಿಸುವವರು ಬೇಕಿತ್ತು ಅಷ್ಟೇ.

ಶಕುನದ ಲೆಕ್ಕ

ಇನ್ನು ಶಕುನದ ಮಾತು. ಬೆಳಗಿನ ಜಾವ ಬರುವ ಬುಡುಬುಡಿಕೆಯವನು ಹಾಲಕ್ಕಿ ಶುಭ ನುಡಿಯಿತು ಅಂದರೆ ಮೊರ ತುಂಬ ರಾಗಿ ಹಾಕುತ್ತೇವೆ. ಅದೇ ಹಾಲಕ್ಕಿ ಸಾಯಂಕಾಲ ನಮ್ಮ ಹೆಂಚಿನ ಮೇಲೆ ಕೂತರೆ ಕಲ್ಲು ಬೀರುತ್ತೇವೆ. ಒಂದೇ ಹಕ್ಕಿ ಬೆಳಿಗ್ಗೆ ಶುಭ, ಸಂಜೆ ಅಶುಭ! ಇದ್ಯಾವ ಊರ ನ್ಯಾಯ ಸ್ವಾಮಿ?

ಪುರಾಣದಲ್ಲಿ ಗೂಬೆಗೆ ಕೆಟ್ಟ ಹೆಸರು ಬಂದದ್ದಕ್ಕೆ ಕಾರಣಗಳುಂಟು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ, ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ರಾತ್ರಿ ಕೊಂದದ್ದನ್ನು ಕಂಡೇ ಅಶ್ವತ್ಥಾಮನಿಗೆ ಪಾಂಡವರ ಪಾಳೆಯಕ್ಕೆ ಕತ್ತಲಲ್ಲಿ ನುಗ್ಗುವ ಬುದ್ಧಿ ಬಂದದ್ದು. ಆದರೆ ಕತ್ತಿ ಹಿಡಿದವನು ಅಶ್ವತ್ಥಾಮ. ಗೂಬೆ ಹೊಟ್ಟೆಗೆ ಬೇಟೆಯಾಡಿತು, ಅವನು ಹಗೆಗೆ ಕೊಂದ. ಆಗಲೂ ಗೂಬೆ ಮೇಲೇ ಗೂಬೆ ಕೂತಿತು!

'ಸಾಯುವವರ ಮನೆ ಮುಂದೆ ಗೂಬೆ ಕೂಗಿತು' ಎನ್ನುವ ಮಾತಿಗೆ ನಮ್ಮ ವಾಚರ್ ಕೊಡುವ ಲೆಕ್ಕ ಹೀಗಿದೆ: "ಕಾಯಿಲೆ ಮನೇಲಿ ರಾತ್ರಿಯೆಲ್ಲ ದೀಪ ಉರೀತೈತೆ. ದೀಪಕ್ಕೆ ಹುಳ ಬತ್ತವೆ. ಹುಳಕ್ಕೆ ಹಾಲಕ್ಕಿ ಬತ್ತೈತೆ. ಎಲ್ರೂ ಎದ್ದಿರ್ತಾರೆ, ಅದಕ್ಕೆ ಕೂಗು ಕೇಳ್ತೈತೆ. ದೀಪ ಆರಿಸಿ ಮಲಗ್ದೋರ ಮನೆ ಮುಂದೆನೂ ಕೂಗಿರ್ತೈತೆ ಕಣಣ್ಣ, ಕೇಳೋರಿಲ್ಲ." ಇದಕ್ಕಿಂತ ಚೆನ್ನಾಗಿ ಯಾವ ವಿಜ್ಞಾನಿ ಹೇಳಿಯಾನು?

ಲಕ್ಷ ಬೇಡ ಎಂದ ರೈತ

ಜಿಲ್ಲೆಯ ಒಂದು ಮೂಲೆಯಲ್ಲಿ, ಊರಿನ ಹೆಸರು ಬೇಡ, ಮೂರೆಕರೆ ಖುಷ್ಕಿಯಲ್ಲಿ ಕಡಲೆಕಾಯಿ ಹಾಕುವ ರೈತರೊಬ್ಬರಿದ್ದಾರೆ. ಹೊಲದ ಪಕ್ಕದ ಬಂಡೆಯಲ್ಲಿ ಒಂದು ಜೋಡಿ ಕೊಂಬಿನ ಗೂಬೆ. ಅವರ ತಂದೆಯ ಕಾಲದಿಂದಲೂ ಆ ಬಂಡೆಯಲ್ಲಿ ಕೂಗು ಇದೆಯಂತೆ. ಬಂಡೆಯ ಬುಡದಲ್ಲಿ ಅವು ಕಾರಿದ ಉಂಡೆಗಳನ್ನು ತೋರಿಸಿದರು. ಗೂಬೆ ಬೇಟೆಯನ್ನು ನುಂಗಿ, ಅರಗದ ಕೂದಲು, ಮೂಳೆಯನ್ನು ಉಂಡೆ ಮಾಡಿ ಹೊರಗೆ ಉಗುಳುತ್ತದೆ. ಒಂದನ್ನು ಬಿಡಿಸಿದರೆ ಇಲಿಯ ತಲೆಬುರುಡೆ, ಹಲ್ಲು, ಕಾಲಿನ ಸಣ್ಣ ಮೂಳೆಗಳು. "ಇದು ನಮ್ಮ ಜಮಾಖರ್ಚಿನ ಪುಸ್ತಕ" ಎಂದು ನಕ್ಕರು ಆ ಯಜಮಾನರು.

ಎರಡು ವರ್ಷ ಮಳೆ ಕೈಕೊಟ್ಟು ಸೊಸೈಟಿ ಸಾಲ ತಲೆ ಮೇಲಿದ್ದಾಗ ಬೈಕಿನಲ್ಲಿ ಇಬ್ಬರು ಬಂದರಂತೆ. ಗೂಬೆ ಇದೆ ಎಂದು ಹೇಗೋ ವಾಸನೆ ಹಿಡಿದಿದ್ದರು. ಹಿಡಿದು ಕೊಟ್ಟರೆ ಲಕ್ಷ, ಜಾಗ ತೋರಿಸಿದರೂ ಹತ್ತು ಸಾವಿರ. "ಒಂದು ಗಳಿಗೆ ಆಸೆ ಆಗಿದ್ದು ನಿಜ ಕಣಪ್ಪ. ಮಗಳ ಫೀಸು ಕಟ್ಬೇಕಿತ್ತು. ಸುಳ್ಳು ಯಾಕೆ ಹೇಳ್ಲಿ" ಅಂದರು. ಅಷ್ಟರಲ್ಲಿ ಬಂಡೆ ಕಡೆಯಿಂದ 'ಬು-ಬೋ' ಎಂದು ಕೂಗು ಬಂತು. ಬಂದವರಲ್ಲಿ ಒಬ್ಬ, "ಅದೇನು ಸದ್ದು?" ಎಂದ.

ಆ ಪ್ರಶ್ನೆಯಲ್ಲೇ ರೈತರಿಗೆ ಎಲ್ಲ ಗೊತ್ತಾಯಿತು. ಲಕ್ಷ ಹಿಡಿದು ಬಂದವನಿಗೆ ತಾನು ಕೊಳ್ಳುವ ಹಕ್ಕಿಯ ದನಿಯೇ ಗೊತ್ತಿಲ್ಲ! "ಆಚೆ ತೋಟದ ಹಳೇ ಪಂಪ್‌ಸೆಟ್ಟು ಕಣಪ್ಪ, ಹಿಂಗೇ ಗುಂಯ್ ಅಂತೈತೆ" ಎಂದು ಇವರು ಕರೆದುಕೊಂಡು ಹೋಗಿ ಊರ ಮುಂದಿನ ಹುಣಸೆಮರದ ಹಾಲಕ್ಕಿ ತೋರಿಸಿದರು. "ನಮ್ಮೂರ ಗೂಬೆ ಇದೇ." ಅಂಗೈಯಗಲದ ಹಕ್ಕಿ ತಲೆ ಕುಣಿಸಿ ದುರುಗುಟ್ಟಿತು. ಕೊಂಬೂ ಇಲ್ಲ, ತೂಕವೂ ಇಲ್ಲ. ಬೈಕು ಬಂದ ದಾರಿ ಹಿಡಿಯಿತು.

ಓದುಗರೇ, ಇಡೀ ಕತೆಯ ತಿರುಳು ಇಲ್ಲಿದೆ. ಕಾನೂನು ಪುಸ್ತಕದಲ್ಲಿತ್ತು, ಗಾರ್ಡು ಹದಿನೈದು ಮೈಲಿ ದೂರದಲ್ಲಿದ್ದ. ಆ ಜೋಡಿಯ ಜೀವ ಉಳಿಸಿದ್ದು ಒಬ್ಬ ಮನುಷ್ಯನಿಗೆ ಕೂಗಿನ ಗುರುತು ಇದ್ದದ್ದು, ಇನ್ನೊಬ್ಬನಿಗೆ ಇಲ್ಲದ್ದು. ಗೊತ್ತಿರುವವನ ಕೈಯಲ್ಲಿ ಗೂಬೆ ಇಲಿ ಕಾಯುವ ಕಾವಲುಗಾರ. ಗೊತ್ತಿಲ್ಲದವನ ಕೈಯಲ್ಲಿ ಲಕ್ಷದ ಲಾಟರಿ.

ಈ ಕಾವಲುಗಾರನ ಬೆಲೆ ಹೊರದೇಶದವರಿಗೆ ತಿಳಿದಿದೆ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಕಾಟಕ್ಕೆ ಕಣಜ ಗೂಬೆಗೆ ಮರದ ಪೆಟ್ಟಿಗೆಯ ಮನೆ ಕಟ್ಟಿ ಕೊಡುತ್ತಾರೆ. ಇಸ್ರೇಲಿನ ಹೊಲಗಳಲ್ಲಿ 1983ರಿಂದ ಇದೇ ಕೆಲಸ ನಡೆದು ಬಂದಿದೆ. ಕಣಜ ಗೂಬೆಯ ಎರಡು ಕಿವಿ ರಂಧ್ರ ಒಂದೇ ಮಟ್ಟದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಹಾಗಾಗಿ ಗವ್ವೆನ್ನುವ ಕತ್ತಲಲ್ಲೂ ಇಲಿಯ ಸದ್ದಿನ ಜಾಗ ಕರಾರುವಾಕ್ಕಾಗಿ ಸಿಕ್ಕುತ್ತದೆ. ತಿಪಟೂರಿನ ತೆಂಗಿನ ತಲೆಯಲ್ಲಿ ಇಲಿ ಎಳನೀರು ಕೊರೆಯುತ್ತದೆ ಎಂದು ಗೋಳಾಡುವ ನಾವು ಪಾಷಾಣ ಇಡುತ್ತೇವೆ. ಆ ವಿಷದ ಇಲಿಯನ್ನು ತಿಂದರೆ ಗೂಬೆಗೂ ಕುತ್ತು. ಸಂಬಳವಿಲ್ಲದ ನೌಕರನಿಗೆ ವಿಷದ ಊಟ!

ನೋಡಲು ಹೋಗುವವರಿಗೆ

ಈಗ ಗೂಬೆ ನೋಡುವ ಆಸೆ ಹುಟ್ಟಿದ್ದರೆ ಸಂತೋಷ. ಕೆಲವು ಮಾತು ಕಿವಿಗೆ ಹಾಕಿಕೊಳ್ಳಿ.

ಒಬ್ಬರೇ ಹೋಗಬೇಡಿ. ನಮ್ಮ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ, ಕಾಲಡಿ ಹಾವಿರುತ್ತದೆ. ರಕ್ಷಿತ ಅರಣ್ಯದೊಳಗೆ ರಾತ್ರಿ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಅದರ ಅಗತ್ಯವೂ ಇಲ್ಲ, ಊರಂಚಿನ ತೋಪು, ಕೆರೆ ಏರಿಯೇ ಸಾಕು. ಮೊದಲೇ ಊರವರಿಗೆ ಹೇಳಿಟ್ಟಿರಿ, ಇಲ್ಲವಾದರೆ ಪಂಪ್‌ಸೆಟ್ ಕಳ್ಳರೆಂದು ಕಂಬಕ್ಕೆ ಕಟ್ಟಿಯಾರು!

ಹಗಲಲ್ಲೇ ಜಾಡು ನೋಡಿಕೊಳ್ಳಿ. ಮರದಡಿ ಸುಣ್ಣ ಚೆಲ್ಲಿದಂಥ ಹಿಕ್ಕೆ, ಕೂದಲಿನ ಉಂಡೆ ಇದ್ದರೆ ಮೇಲೆ ಯಜಮಾನರಿದ್ದಾರೆ ಎಂದರ್ಥ. ಕಾಗೆ, ಪಿಕಳಾರ, ಅಳಿಲು ಎಲ್ಲ ಸೇರಿ ಒಂದು ಕೊಂಬೆಗೆ ಮುತ್ತಿಗೆ ಹಾಕಿ ಬೈಯುತ್ತಿದ್ದರೆ ಅಲ್ಲಿಯೂ ನೋಡಿ.

ಬ್ಯಾಟರಿಗೆ ಕೆಂಪು ಕಾಗದ ಸುತ್ತಿ. ಒಂದೆರಡು ಕ್ಷಣ ಬಿಟ್ಟು ಆರಿಸಿ, ಕಣ್ಣಿಗೇ ಹಿಡಿಯಬೇಡಿ. ಗೂಬೆಯ ಕಣ್ಣು ಗುಳಿಯಲ್ಲಿ ತಿರುಗುವುದಿಲ್ಲ, ಅದಕ್ಕೇ ಅದು ಕುತ್ತಿಗೆಯನ್ನು 270 ಡಿಗ್ರಿವರೆಗೆ ತಿರುಗಿಸುತ್ತದೆ. ಬೆಳಕು ಚುಚ್ಚಿದರೆ ಪಾಪ, ಬೇಟೆ ಕೆಡುತ್ತದೆ. ಮೊಬೈಲಿನಲ್ಲಿ ಗೂಬೆ ಕೂಗು ಹಾಕಿ ಕರೆಯುವ ಹೊಸ ಚಾಳಿ ಬಂದಿದೆ. ಅದು ಬೇಡ. ತನ್ನ ಜಾಗಕ್ಕೆ ಬೇರೊಬ್ಬ ಬಂದ ಎಂದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ: ಫೋಟೋ ಸಿಕ್ಕಿತೆಂದು ಜಾಗದ ಹೆಸರು ಸಮೇತ ವಾಟ್ಸಾಪಿಗೆ ಹಾಕಬೇಡಿ. ಅದನ್ನು ನೋಡುವವರಲ್ಲಿ ಬೈಕಿನವರೂ ಇರುತ್ತಾರೆ.

ಸಂಬಂಧಪಟ್ಟವರಿಗೆ ಎರಡು ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲಿನಿಂದ ಜಾರಿಯಲ್ಲಿದ್ದು ದಂಡವೂ ಏರಿದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಮೊದಲ ಪಟ್ಟಿಯಲ್ಲಿರುವ ಜೀವಿಯಾದರೆ ಏಳು ವರ್ಷದವರೆಗೂ ಜೈಲು. ಕಾನೂನಿಗೇನೂ ಕೊರತೆಯಿಲ್ಲ. ಆದರೆ ಅಮಾವಾಸ್ಯೆಗೆ ಎಂಟು ದಿನ ಮುಂಚೆ ತಾಲೂಕು ಸಂತೆಗಳಲ್ಲಿ, ಬಸ್ ಸ್ಟ್ಯಾಂಡುಗಳಲ್ಲಿ ಅರಣ್ಯ ಇಲಾಖೆಯವರು ಒಂದು ಸುತ್ತು ಹಾಕುವರೇ? ಬಂಡೆಗುಡ್ಡಗಳಿಗೆ ಕ್ವಾರಿ ಲೈಸೆನ್ಸ್ ಕೊಡುವ ಮುಂಚೆ ಆ ಬಂಡೆಯಲ್ಲಿ ಯಾರ ಸಂಸಾರ ಇದೆ ಎಂದು ಒಂದು ಸಂಜೆ ಹೋಗಿ ಕೇಳಿಸಿಕೊಳ್ಳುವರೇ?

ಶಿರಾ ತಾಲೂಕಿನ ಕಗ್ಗಲಡು ಗ್ರಾಮದವರನ್ನು ನೋಡಿ. ಊರ ನಡುವಿನ ಹುಣಸೆಮರಗಳಿಗೆ ಬರುವ ಬಣ್ಣದ ಕೊಕ್ಕರೆಗಳನ್ನು ಬಾಣಂತಿತನಕ್ಕೆ ಬಂದ ಮನೆ ಮಗಳಂತೆ ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಜನ ಇರುವ ಜಿಲ್ಲೆ ನಮ್ಮದು. ಕೊಕ್ಕರೆಗೆ ಸಂದ ಮರ್ಯಾದೆ ಗೂಬೆಗೆ ಸಲ್ಲಬಾರದೇಕೆ? ಹಗಲು ಬರುವವರಿಗೊಂದು ನ್ಯಾಯ, ರಾತ್ರಿ ಬರುವವರಿಗೊಂದು ನ್ಯಾಯವೇ?

ಗೂಬೆ ಹಿಡಿದವರು, ಮಾರುವವರು ಕಣ್ಣಿಗೆ ಬಿದ್ದರೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಗಾಯಗೊಂಡ ಗೂಬೆ, ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಮಾಡಿ ಅವರಿಗೇ ಒಪ್ಪಿಸಿ. ಹಾಲು, ಅನ್ನ ತುರುಕಬೇಡಿ.

ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, ಹತ್ತು ನಿಮಿಷ ಹಿತ್ತಲಿಗೆ ಬಂದು ನಿಲ್ಲಿ. 'ಚಿವಕ್ ಚಿವಕ್' ಕೇಳಿತೋ, 'ವಟ್?' ಕೇಳಿತೋ, ದೂರದ ಬಂಡೆಯಿಂದ 'ಬು-ಬೋ' ಬಂತೋ, ಹೆಸರು ಹಿಡಿದು ಗುರುತಿಸಿ, ಪಕ್ಕದಲ್ಲಿ ನಿಂತ ಮಗುವಿಗೂ ಹೇಳಿಕೊಡಿ. ಹಕ್ಕಿಯ ಹೆಸರು ಊರಿಗೆಲ್ಲ ಹೇಳಿ. ಅದಿರುವ ಜಾಗದ ಹೆಸರು ಮಾತ್ರ ನಿಮ್ಮ ಹೊಟ್ಟೆಯಲ್ಲೇ ಇರಲಿ.